ಮೈಸೂರಿನ ಹಳೇ ಬಡಾವಣೆಯಲ್ಲಿ ಮನೆ ಕೊಂಡಿದ್ದು: ಮೊದಲು ಬೀದಿ, ಆಮೇಲೆ ಪತ್ರ, ಕೊನೆಗೆ ಕಟ್ಟಡ

ಮನೆ ಹುಡುಕಲು ಹೊರಟಾಗ ನಾನೂ ನನ್ನ ಹೆಂಡತಿಯೂ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೆವು. ಕಟ್ಟಡ ಹಳೆಯದಾದರೂ ಪರವಾಗಿಲ್ಲ, ಬೀದಿ ಚೆನ್ನಾಗಿರಬೇಕು. ಸೋರುವ ತಾರಸಿಯನ್ನು ರಿಪೇರಿ ಮಾಡಿಸಬಹುದು, ಗೋಡೆ ಒಡೆದು ಕಿಟಕಿ ದೊಡ್ಡದು ಮಾಡಿಸಬಹುದು. ಎದುರಿಗೆ ಕಲ್ಯಾಣ ಮಂಟಪವಿದ್ದರೆ ನಾವೇನು ಮಾಡಲಾದೀತು? ಹಾಗಾಗಿ ರಿಂಗ್ ರಸ್ತೆಯಾಚೆಯ ಹೊಸ ಲೇಔಟ್‌ಗಳ ಗೋಜಿಗೆ ಹೋಗದೆ ಕುವೆಂಪುನಗರ, ರಾಮಕೃಷ್ಣನಗರದ ಸುತ್ತಲೇ ಹುಡುಕಿದೆವು. ನಮ್ಮ ಅಪ್ಪಂದಿರ ತಲೆಮಾರಿನವರು ನಿವೃತ್ತಿಯ ಹೊತ್ತಿಗೆ ಸಾಲಸೋಲ ಮಾಡಿ ಕಟ್ಟಿಕೊಂಡ ಮನೆಗಳು ಅಲ್ಲಿವೆ. ರಸ್ತೆಗೆ ಹೊಂಗೆಮರದ ನೆರಳು, ಗೇಟಿನ ಪಕ್ಕ ದಾಸವಾಳ, ಹಿತ್ತಲಲ್ಲಿ ಒಂದು ತೆಂಗು. ನಡೆದು ಹೋಗುವಷ್ಟು ದೂರದಲ್ಲಿ ಪಾರ್ಕು, ತರಕಾರಿ, ಔಷಧಿ ಅಂಗಡಿ.

ಬ್ರೋಕರ್‌ಗಳು ಮನೆ ತೋರಿಸಲು ಭಾನುವಾರ ಬೆಳಿಗ್ಗೆ ಕರೆಯುತ್ತಾರೆ. ಆ ಹೊತ್ತಿನಲ್ಲಿ ಎಲ್ಲ ಬೀದಿಯೂ ಶಾಂತವೇ. ನಾವು ಮನಸ್ಸಿಗೆ ಬಂದ ಪ್ರತಿ ಬೀದಿಗೂ ಕೆಲಸದ ದಿನ ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಒಮ್ಮೆ, ರಾತ್ರಿ ಹತ್ತು ಕಳೆದ ಮೇಲೆ ಇನ್ನೊಮ್ಮೆ ಹೋಗಿ ನಿಂತೆವು. ಕಾಂಪೌಂಡ್ ಒಳಗಿನ ಕರೆಂಟ್ ಮೀಟರ್‌ಗಳನ್ನೂ ಗಮನಿಸುತ್ತಿದ್ದೆ. 30x40 ನಿವೇಶನದ ಗೋಡೆಯೊಂದರಲ್ಲಿ ಆರೇಳು ಮೀಟರ್ ಸಾಲಾಗಿ ಕೂತಿದ್ದರೆ ಆ ಮನೆ ಬಾಡಿಗೆ ಕಟ್ಟಡವಾಗಿದೆ ಎಂದೇ ಅರ್ಥ. ಅಂಥವು ನಾಲ್ಕೈದು ಬಂದರೆ ರಸ್ತೆಯ ತುಂಬ ವಾಹನ, ನೆಲದೊಳಗಿನ ಸಂಪು ತುಂಬಿಸಲು ನೀರಿನ ಟ್ಯಾಂಕರು. ಹಾಗೆ ಕಂಡ ಒಂದು ಬೀದಿಯನ್ನು, ಮನೆ ಎಷ್ಟೇ ಚೆಂದವಿದ್ದರೂ, ಅಂದೇ ಕೈಬಿಟ್ಟೆವು.

ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) 2031ರ ಮಹಾಯೋಜನೆಯ ನಕ್ಷೆಯನ್ನು ನೋಡದೆ ಮನೆ ಕೊಳ್ಳಬೇಡಿ. ಹಳದಿ ಬಣ್ಣ ವಸತಿಗೆ, ನೀಲಿ ವಾಣಿಜ್ಯಕ್ಕೆ, ಹಸಿರು ಉದ್ಯಾನ ಮತ್ತು ಬಯಲಿಗೆ. ಮನೆಯ ಮುಂದಿನ ರಸ್ತೆಯನ್ನು ಅಗಲ ಮಾಡುವ ಪ್ರಸ್ತಾವವಿದೆಯೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಇಂದಿನ ನೆಮ್ಮದಿ ಹತ್ತು ವರ್ಷವಾದರೂ ಉಳಿದೀತೇ ಎಂದು ಅಂದಾಜು ಮಾಡಲು ನನಗೆ ಅದಕ್ಕಿಂತ ಒಳ್ಳೆಯ ದಾರಿ ಸಿಕ್ಕಲಿಲ್ಲ.

ನೀರಿನ ವಿಚಾರವನ್ನು ಮಾತ್ರ ಅಕ್ಕಪಕ್ಕದವರನ್ನೇ ಕೇಳಬೇಕು. ಗೇಟಿನ ಮುಂದೆ ಗುಡಿಸುತ್ತಿದ್ದ ಹಿರಿಯರೊಬ್ಬರನ್ನು "ಇಲ್ಲಿ ನೀರು ಹೇಗಮ್ಮ?" ಎಂದೆ. "ಒಂದಿನ ಬಿಟ್ಟು ಒಂದಿನ ಬರುತ್ತಪ್ಪ. ಬೇಸಿಗೇಲಿ ಸ್ವಲ್ಪ ಎಳೆದಾಡ್ತಾರೆ. ಸಂಪು ದೊಡ್ಡದಿದ್ರೆ ಯೋಚ್ನೆ ಇಲ್ಲ" ಅಂದರು. ಆಮೇಲಿಂದ ಯಾವ ಮನೆಗೆ ಹೋದರೂ ಮೊದಲು ಸಂಪಿನ ಮುಚ್ಚಳ ತೆಗೆಸಿ ನೋಡುವುದು ರೂಢಿಯಾಯಿತು.

2023ರಲ್ಲಿ ನಮಗೆ ಒಪ್ಪಿಗೆಯಾದ ಮನೆಯ ಯಜಮಾನರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಿವೇಶನ ಹಂಚಿಕೆಯಾಗಿದ್ದು ಹಳೆಯ ಸಿಐಟಿಬಿ, ಅಂದರೆ ನಗರ ಸುಧಾರಣಾ ಟ್ರಸ್ಟ್ ಮಂಡಳಿಯ ಕಾಲದಲ್ಲಿ. ಮೊದಲು ಲೀಸ್ ಕಂ ಸೇಲ್ (ಗುತ್ತಿಗೆ ಮುಗಿದ ಮೇಲೆ ಮಾರಾಟ) ಕರಾರು, ಸ್ವಾಧೀನ ಪತ್ರ, ಅವಧಿ ಮುಗಿದ ಮೇಲೆ ಶುದ್ಧ ಕ್ರಯಪತ್ರ. ಅಷ್ಟರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರಗಳ 1987ರ ಕಾಯ್ದೆ ಬಂದು ಸಿಐಟಿಬಿ ಹೋಗಿ ಮುಡಾ ಆಗಿತ್ತು, ಹಾಗಾಗಿ ಕ್ರಯಪತ್ರ ಮುಡಾದ್ದು. ಈ ಸರಪಳಿ ಪೂರ್ತಿ ಮೂಲಪ್ರತಿಗಳ ಸಮೇತ ಇತ್ತು. ತೊಡಕಿದ್ದದ್ದು ಅದರ ನಂತರದ ಕೊಂಡಿಯಲ್ಲಿ. ಯಜಮಾನರು ಉಯಿಲು ಬರೆದಿರಲಿಲ್ಲ. ಹೆಂಡತಿ, ಇಬ್ಬರು ಗಂಡುಮಕ್ಕಳು, ಅಮೆರಿಕದಲ್ಲಿರುವ ಮಗಳು. ಖಾತೆ ಮಾತ್ರ ತಾಯಿಯ ಹೆಸರಿಗೆ ಬದಲಾಗಿತ್ತು.

ಬ್ರೋಕರ್ ಹೇಳಿದ್ದು, "ಖಾತೆ ಅಮ್ಮೋರ ಹೆಸರಲ್ಲಿದೆ ಸಾರ್, ಅವರೊಬ್ರು ಸಹಿ ಹಾಕಿದ್ರೆ ಆಯ್ತು." ನಮ್ಮ ವಕೀಲರು ಒಪ್ಪಲೇ ಇಲ್ಲ. ಖಾತೆ ತೆರಿಗೆ ಕಟ್ಟುವುದಕ್ಕಿರುವ ದಾಖಲೆ, ಅದರಿಂದ ಮಾಲೀಕತ್ವ ಬರುವುದಿಲ್ಲ. ಸ್ವಯಾರ್ಜಿತ ಆಸ್ತಿಯುಳ್ಳ ಹಿಂದೂ ಗಂಡಸು ಉಯಿಲಿಲ್ಲದೆ ತೀರಿಕೊಂಡರೆ ಹೆಂಡತಿಗೂ ಪ್ರತಿ ಮಗ, ಮಗಳಿಗೂ ಸಮಪಾಲು. ಇಲ್ಲಿ ನಾಲ್ವರಿಗೂ ಕಾಲು ಕಾಲು ಭಾಗ. ಮಗಳಿಗೆ ಮದುವೆಯಾಗಿದೆ, ಅವಳಿಗೆ ಆಗಲೇ ಒಡವೆ ಕೊಟ್ಟಿದ್ದೇವೆ ಎನ್ನುವುದೆಲ್ಲ ಮನೆಯೊಳಗಿನ ಮಾತು, ಕಾನೂನಿಗೆ ಸಂಬಂಧವಿಲ್ಲ. ಮಾರುವವರು ಒಳ್ಳೆಯ ಜನ. ವಿಷಯ ಬಿಡಿಸಿ ಹೇಳಿದಾಗ ತಾಯಿಯೇ, "ನನ್ನ ಮಗಳೂ ಸಹಿ ಹಾಕಲಿ, ಅವಳ ಪಾಲು ಅವಳಿಗೆ ಹೋಗಲಿ" ಅಂದರು. ಆ ಮಾತು ಕೇಳಿದ ಮೇಲೆಯೇ ನಾನು ಮುಂಗಡ ಕೊಡಲು ಮನಸ್ಸು ಮಾಡಿದ್ದು.

ಇಸಿ (ಋಣಭಾರ ಪ್ರಮಾಣಪತ್ರ) ಕ್ಲೀನ್ ಇದೆ ಎಂದು ಧೈರ್ಯ ತಂದುಕೊಳ್ಳುವವರಿಗೆ ಇಲ್ಲಿ ಒಂದು ಮಾತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವ ಇಸಿ 2004ರಿಂದ ಈಚಿನದು. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ತೆಗೆಸಬೇಕು. ನೋಂದಣಿಯಾದದ್ದಷ್ಟೇ ಅದರಲ್ಲಿ ಕಾಣುತ್ತದೆ. ಯಾರು ಯಾರಿಗೆ ವಾರಸುದಾರರು, ನೋಂದಣಿಯಾಗದ ಉಯಿಲು ಯಾರ ಬೀರುವಿನಲ್ಲಿದೆ, ಕೋರ್ಟಿನಲ್ಲಿ ಪಾಲಿನ ದಾವಾ ನಡೆಯುತ್ತಿದೆಯೇ, ಇದ್ಯಾವುದನ್ನೂ ಇಸಿ ಹೇಳುವುದಿಲ್ಲ. ವಂಶವೃಕ್ಷ, ಮರಣ ಪ್ರಮಾಣಪತ್ರ ಕೇಳಿ ಪಡೆದೆವು. ಎರಡು ಪತ್ರಿಕೆಗಳಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಇದೆಯೇ ಎಂದು ಕಾದೆವು.

ಮಗಳು ಬರಲಾಗದ ಕಾರಣ ಅಣ್ಣನಿಗೆ ಪವರ್ ಆಫ್ ಅಟಾರ್ನಿ ಕೊಟ್ಟರು. ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿದ ಮೂಲಪತ್ರ ಕೊರಿಯರ್‌ನಲ್ಲಿ ಬಂತು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅಧಿಕಾರ ಕೊಟ್ಟವರು ತೀರಿಕೊಂಡರೆ ಪತ್ರವೂ ಅಲ್ಲಿಗೇ ಮುಗಿಯುತ್ತದೆಯಾದ್ದರಿಂದ, ನೋಂದಣಿಯ ದಿನ ಬೆಳಿಗ್ಗೆ ವಕೀಲರು ಆಕೆಯೊಡನೆ ವಿಡಿಯೋ ಕಾಲ್ ಮಾಡಿ ಒಪ್ಪಿಗೆ ಮತ್ತೊಮ್ಮೆ ಕೇಳಿಕೊಂಡರು. ಅತಿಯಾಯಿತು ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಆಯುಷ್ಯದ ಉಳಿತಾಯವೆಲ್ಲ ಆ ಒಂದು ಸಹಿಯ ಮೇಲೆ ನಿಂತಿತ್ತು.

ತೆರಿಗೆಯಲ್ಲೂ ಆಕೆಯ ಪಾಲಿನ ಲೆಕ್ಕ ಬೇರೆ. ನಾವು ಕೊಂಡಾಗ, ಬೆಲೆ 50 ಲಕ್ಷ ಮುಟ್ಟಿದರೆ ಇಲ್ಲಿ ವಾಸವಿರುವ ಮಾರಾಟಗಾರರಿಗೆ ಕೊಡುವ ಹಣದಲ್ಲಿ ಶೇ. 1ರಷ್ಟು ತೆರಿಗೆ (ಟಿಡಿಎಸ್) ಹಿಡಿದು 26ಕ್ಯೂಬಿ ನಮೂನೆ ತುಂಬಿದರೆ ಸಾಕಿತ್ತು. ಅನಿವಾಸಿಗಳಿಗೆ ಅದು ನಡೆಯುತ್ತಿರಲಿಲ್ಲ. ಅವರಿಗೆ ಆಗಿನ ಆದಾಯ ತೆರಿಗೆ ಕಾಯ್ದೆಯ 195ನೇ ಸೆಕ್ಷನ್, ಶೇ. 1 ಅಲ್ಲ, ಬಂಡವಾಳ ಲಾಭ ತೆರಿಗೆಯ ದರದಲ್ಲಿ ಹಿಡಿಯಬೇಕಿತ್ತು. ಅದಕ್ಕಾಗಿ ನಾನು ಟ್ಯಾನ್ (ತೆರಿಗೆ ಕಡಿತ ಮಾಡುವವರ ಸಂಖ್ಯೆ) ಮಾಡಿಸಿದೆ. ಆಕೆ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ತಂದಿದ್ದರಿಂದ ಇಬ್ಬರಿಗೂ ಹಗುರವಾಯಿತು. ಹಿಡಿಯದೆ ಬಿಟ್ಟರೆ ಇಲಾಖೆ ಕೇಳುವುದು ಕೊಂಡವರನ್ನು.

ಅಳತೆಯಲ್ಲೂ ಒಂದು ಗಮನಿಸುವ ಸಂಗತಿಯಿತ್ತು. ಮಾತಿನಲ್ಲಿ 30x40, ಕ್ರಯಪತ್ರದಲ್ಲಿ 9 ಮೀಟರ್ ಅಗಲ, 12 ಮೀಟರ್ ಉದ್ದ. ಅಂದರೆ 108 ಚದರ ಮೀಟರ್, ಸುಮಾರು 1162 ಚದರಡಿ. 1200ಕ್ಕೂ ಇದಕ್ಕೂ 37 ಚದರಡಿಗಿಂತ ಹೆಚ್ಚು ವ್ಯತ್ಯಾಸ. ಚದರಡಿ ಲೆಕ್ಕದಲ್ಲಿ ಬೆಲೆ ಮಾತಾಡುವಾಗ ಇದು ದೊಡ್ಡ ಮೊತ್ತವೇ. ಟೇಪು ಹಿಡಿದು ಅಳೆದೆವು, ಚೆಕ್ಕುಬಂದಿ ಹೊಂದಿಸಿ ನೋಡಿದೆವು, 1162ಕ್ಕೇ ಬೆಲೆ ಕಟ್ಟಿದೆವು.

ಕಟ್ಟಡ ನೋಡಲು ಪರಿಚಯದ ಸಿವಿಲ್ ಎಂಜಿನಿಯರ್ ಬಂದರು. ಒಂದು ಬೀಗದ ಕೈಯಿಂದ ಗೋಡೆ, ಸಜ್ಜಾ ಎಲ್ಲ ತಟ್ಟುತ್ತ ಹೋದರು. ಗಟ್ಟಿಯಿದ್ದ ಕಡೆ ಸಪ್ಪಳ ಬಿಗಿಯಾಗಿ ಬರುತ್ತಿತ್ತು, ಗಾರೆ ಬಿಟ್ಟುಕೊಂಡ ಕಡೆ ಪೊಳ್ಳು. ಪಡುವಣದ ಸಜ್ಜಾದ ಕೆಳಗೆ ಕಂಬಿ ತುಕ್ಕು ಹಿಡಿದು ಉಬ್ಬಿತ್ತು. ತಾರಸಿ, ತೊಲೆ, ಕಂಬಗಳು ಚೆನ್ನಾಗಿದ್ದವು. ರೆಡ್ ಆಕ್ಸೈಡ್ ನೆಲಕ್ಕೆ ಒಂದು ಬಿರುಕೂ ಇಲ್ಲ. ಅದನ್ನು ಕಿತ್ತು ಟೈಲ್ಸ್ ಹಾಕಿಸಿ ಎಂದವರ ಮಾತಿಗೆ ನಾವು ಕಿವಿಗೊಡಲಿಲ್ಲ.

ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ ಆಗ ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಈ ಹಣಕ್ಕೆ ಗೃಹಸಾಲ ಸಿಗುವುದಿಲ್ಲ, ಕೈಯಿಂದಲೇ ಹಾಕಬೇಕು. ರಿಪೇರಿಯ ದುಡ್ಡನ್ನೂ ಅದರ ಜೊತೆಗೇ ಎತ್ತಿಡಿ.

ನೋಂದಣಿಯಾದ ಮೇಲೆ ಪಾಲಿಕೆಯ ವಲಯ ಕಚೇರಿಯಲ್ಲಿ ಖಾತೆ ಬದಲಾವಣೆಗೆ ಅರ್ಜಿ, ವಿದ್ಯುತ್ ಕಂಪನಿ ಸೆಸ್ಕ್‌ನಲ್ಲಿ ಮೀಟರ್, ನೀರು ಸರಬರಾಜಿನ ವಾಣಿವಿಲಾಸ ಕಚೇರಿಯಲ್ಲಿ ನೀರಿನ ಸಂಪರ್ಕ ನಮ್ಮ ಹೆಸರಿಗೆ. ಓಡಾಟಕ್ಕೆ ಹಳೇ ಬಿಲ್ಲುಗಳು ಬೇಕಾಗುತ್ತವೆ, ಮಾರುವವರಿಂದ ಕೀಲಿಕೈ ಜೊತೆಗೇ ಕೇಳಿ ತೆಗೆದುಕೊಳ್ಳಿ. ಮನೆ ಕೆಲಸದಲ್ಲಿ ಮೊದಲು ಮಾಡಿಸಿದ್ದು ಸಜ್ಜಾ ಮತ್ತು ತಾರಸಿಯ ವಾಟರ್‌ಪ್ರೂಫಿಂಗ್, ಮುಂಗಾರಿಗೆ ಮುಂಚೆ. ಬಣ್ಣ, ಅಡುಗೆಮನೆಯ ಕಪಾಟು ಎಲ್ಲ ಮುಂದಿನ ವರ್ಷಕ್ಕೆ ಬಿಟ್ಟೆವು.