ನೋಟಿಸನ್ನು ದೇವರ ಮುಂದೆ ಬಿಚ್ಚಿಟ್ಟೆ

ನನ್ನ ಗಂಡನ ಕೆಲಸ ಹೋಯಿತು. ಕೂಡಿಟ್ಟಿದ್ದ ಹಣ ಕರಗಿತು. ಮನೆ ಸಾಲದ ಕಂತು ನಿಂತುಹೋಗಿ ಬ್ಯಾಂಕಿನಿಂದ ನೋಟಿಸು ಬಂತು. ಆಗ ನಾನು ಹೇಗೆ ಪ್ರಾರ್ಥಿಸಿದೆ ಅನ್ನೋದನ್ನು ಹೇಳುತ್ತೇನೆ. "ಕಷ್ಟ ಬಂದಾಗ ಪ್ರಾರ್ಥನೆಗೆ ಕೂತರೆ ಮಾತೇ ಹೊರಡಲ್ಲ" ಅಂತ ಹಲವರು ನನ್ನ ಹತ್ತಿರ ಹೇಳಿಕೊಂಡಿದ್ದಾರೆ. ನನಗೂ ಹಾಗೇ ಆಗಿತ್ತು. ಕಣ್ಣು ಮುಚ್ಚಿದರೆ ಬಡ್ಡಿಯ ಲೆಕ್ಕವೇ ತಲೆಯಲ್ಲಿ ಓಡುತ್ತಿತ್ತು.

ನನಗೆ ದಾರಿ ತೋರಿಸಿದವನು ಬೈಬಲಿನಲ್ಲಿ ಬರುವ ಯೆಹೂದದ ಅರಸ ಹಿಜ್ಕೀಯ. ಅಶ್ಶೂರದ ಅರಸ ಸನ್ಹೇರೀಬ ಅವನಿಗೆ ಬೆದರಿಕೆಯ ಪತ್ರ ಕಳುಹಿಸುತ್ತಾನೆ. ಹಿಜ್ಕೀಯ ಅದನ್ನು ಓದಿ, ದೇವಾಲಯಕ್ಕೆ ಹೋಗಿ, ದೇವರ ಮುಂದೆ ಬಿಚ್ಚಿಡುತ್ತಾನೆ. ಬೈಬಲಿನ ಎರಡನೆಯ ಅರಸುಗಳು ಪುಸ್ತಕದ 19ನೇ ಅಧ್ಯಾಯದಲ್ಲಿ ಇದು ಇದೆ. ಅವನ ಪ್ರಾರ್ಥನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಮಾತು. ಅಶ್ಶೂರದವರು ಬೇರೆ ದೇಶಗಳನ್ನು ಹಾಳು ಮಾಡಿದ್ದು ನಿಜ ಅಂತ ಅವನು ಒಪ್ಪಿಕೊಳ್ಳುತ್ತಾನೆ. ಅಪಾಯವನ್ನು ಚಿಕ್ಕದು ಮಾಡಿ ಹೇಳುವುದಿಲ್ಲ.

ನಾನೂ ಹಾಗೇ ಮಾಡಿದೆ. ನೋಟಿಸನ್ನು ಮೇಜಿನ ಮೇಲೆ ಹರಡಿ, ಒಂದೊಂದೇ ಸಾಲನ್ನು ದೇವರಿಗೆ ಗಟ್ಟಿಯಾಗಿ ಓದಿದೆ. "ಕರ್ತನೇ, ಇಷ್ಟು ಬಾಕಿ ಇದೆ. ಈ ತಾರೀಖಿನೊಳಗೆ ಕಟ್ಟಬೇಕಂತೆ. ನಮ್ಮ ಹತ್ತಿರ ಇಲ್ಲ." ಅಷ್ಟೇ. ಅಲಂಕಾರದ ಮಾತು ಒಂದೂ ಇರಲಿಲ್ಲ. ಆದರೆ ಎಷ್ಟೋ ದಿನಗಳ ಮೇಲೆ ಮನಸ್ಸಿನಲ್ಲಿದ್ದದ್ದೇ ಬಾಯಿಗೂ ಬಂದಿತ್ತು.

ಆಮೇಲೆ ಆ ಒಂದು ದಿನಕ್ಕೆ ಬೇಕಾದದ್ದನ್ನು ಮಾತ್ರ ಕೇಳುತ್ತಿದ್ದೆ. ಇವತ್ತು ಯಾರಿಗೆ ಫೋನ್ ಮಾಡಲಿ? ಬ್ಯಾಂಕಿನವರ ಎದುರು ಕೂತು ಮಾತಾಡುವ ಧೈರ್ಯ ಕೊಡು. ಕೇಳಿ ಎದ್ದ ಮೇಲೆ ಹೋಗಿ ಆ ಕೆಲಸ ಮಾಡುತ್ತಿದ್ದೆ. ದೇವರನ್ನು ನಂಬುವುದು ಅಂದರೆ ಸುಮ್ನೆ ಕೂತು ಕಾಯುವುದು ಅಂತ ನನಗೆ ಯಾವತ್ತೂ ಅನಿಸಿಲ್ಲ.

ಕೆಲವು ರಾತ್ರಿ ಕೋಪವೇ ಜಾಸ್ತಿ ಇರುತ್ತಿತ್ತು. ಆಗ ಬೈಬಲಿನ 13ನೇ ಕೀರ್ತನೆ ಓದುತ್ತಿದ್ದೆ. ಇನ್ನೆಷ್ಟು ಕಾಲ ಅಂತ ಅಲ್ಲಿ ದಾವೀದ ನಾಲ್ಕು ಸಲ ಕೇಳುತ್ತಾನೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸಮಾಧಾನದ ಮಾತೂ ಇಲ್ಲ. ಅದೂ ಪ್ರಾರ್ಥನೆಯೇ ಅಲ್ವಾ? ಹೊಸ ಮಾತು ಸಿಗದಿದ್ದಾಗ ಹಿಂದಿನ ದಿನದ್ದನ್ನೇ ಮತ್ತೆ ಹೇಳಿದೆ. ತನ್ನನ್ನು ಹಿಡಿದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದನು ಅಂತ ಮತ್ತಾಯ ಬರೆದಿದ್ದಾನೆ.

ನನ್ನ ಗಂಡನಿಗೆ ಆ ದಿನಗಳಲ್ಲಿ ಪ್ರಾರ್ಥಿಸಲು ಆಗುತ್ತಲೇ ಇರಲಿಲ್ಲ. ಒತ್ತಾಯ ಮಾಡಲಿಲ್ಲ. ಅವರ ಪಕ್ಕದಲ್ಲಿ ಕೂತು ಅವರ ಪರವಾಗಿಯೂ ನಾನೇ ಬೇಡಿಕೊಂಡೆ. ನಮ್ಮ ಚರ್ಚಿನ ಒಬ್ಬ ಅಕ್ಕ ರಾತ್ರಿ ಫೋನ್ ಮಾಡಿ ನನ್ನ ಜೊತೆ ಪ್ರಾರ್ಥಿಸುತ್ತಿದ್ದರು. ಉಪದೇಶ ಮಾಡುತ್ತಿರಲಿಲ್ಲ. ಅದು ದೊಡ್ಡ ಉಪಕಾರ.

"ನಿಮ್ಮ ವಿಶ್ವಾಸ ಸಾಲದು, ಅದಕ್ಕೇ ಉತ್ತರ ಬರುತ್ತಿಲ್ಲ" ಅಂದವರೂ ಇದ್ದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಶರೀರದಲ್ಲಿ ನಾಟಿದ ಮುಳ್ಳು ಅಂತ ತಾನೇ ಕರೆದ ಬಾಧೆ ಹೋಗಲಿ ಅಂತ ಯೇಸುವಿನ ಅಪೊಸ್ತಲ ಪೌಲ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಪೌಲನಿಗೆ ವಿಶ್ವಾಸ ಕಡಿಮೆ ಇತ್ತು ಅನ್ನೋಕಾಗುತ್ತಾ?

ಮನೆ ಉಳಿಯಲಿಲ್ಲ. ನಾವೇ ಮಾರಿ ಸಾಲ ತೀರಿಸಿದೆವು. ಗಂಡನಿಗೆ ಮೊದಲಿಗಿಂತ ಕಡಿಮೆ ಸಂಬಳದ ಕೆಲಸ ಸಿಕ್ಕಿತು. ನಾನು ಬೇಡಿದ್ದು ಇದನ್ನಲ್ಲ, ಅದನ್ನು ದೇವರಿಗೇ ಹೇಳಿದ್ದೇನೆ. ಆದರೂ ಆ ತಿಂಗಳುಗಳಲ್ಲಿ ದೇವರು ನಮ್ಮನ್ನು ಬಿಟ್ಟುಹೋಗಲಿಲ್ಲ ಅಂತ ಖಂಡಿತವಾಗಿ ಹೇಳಬಲ್ಲೆ. ಬಾಡಿಗೆ ಮನೆಗೆ ಬಂದ ಮೇಲೆ ನನ್ನ ಗಂಡ ಮತ್ತೆ ಪ್ರಾರ್ಥನೆಗೆ ಕೂರತೊಡಗಿದರು. ಈಗ ಇಬ್ಬರೂ ಸೇರಿ ಬೆಳಿಗ್ಗೆ ಆ ದಿನದ ಚಿಂತೆಯನ್ನು ಹೆಸರು ಹಿಡಿದು ದೇವರಿಗೆ ಹೇಳುತ್ತೇವೆ.