ಪೈಟೆಸ್ಟ್‌ಗೆ ಎಕ್ಸ್‌ಟೆನ್ಷನ್ ಹಾಕುವುದು ಹೇಗೆ?

ಒಂದು ಸಂಜೆ ಪೈಥಾನ್ ಕೋಡ್ ಪರೀಕ್ಷಿಸುವ ಟೂಲ್ ಪೈಟೆಸ್ಟ್‌ನಲ್ಲಿ ಟೆಸ್ಟ್ ಓಡಲು ಬಿಟ್ಟು ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಂದು ನೋಡಿದರೆ ಸರ್ವರ್‌ನಲ್ಲಿ ಅದು ಇನ್ನೂ ಓಡುತ್ತಲೇ ಇತ್ತು. ಒಂದು ಟೆಸ್ಟ್ ನೆಟ್‌ವರ್ಕ್‌ನಿಂದ ಬರಬೇಕಾದ ಉತ್ತರಕ್ಕೆ ಕಾಯುತ್ತಾ ಕೂತುಬಿಟ್ಟಿತ್ತು. 60 ಸೆಕೆಂಡ್ ದಾಟಿದರೆ ನಿಲ್ಲಿಸು ಅಂತ ಸೆಟ್ಟಿಂಗ್ಸ್ ಫೈಲ್‌ನಲ್ಲಿ ನಾನೇ ಬರೆದಿದ್ದೆ. ಬರೆದದ್ದು ಸರಿಯಾಗಿಯೇ ಇತ್ತು. ಆದರೆ ಆ ಸಾಲನ್ನು ಓದಿ ಕೆಲಸ ಮಾಡಬೇಕಾದ ಎಕ್ಸ್‌ಟೆನ್ಷನ್ (ಪೈಟೆಸ್ಟ್‌ಗೆ ಹೊಸ ಸೌಲಭ್ಯ ಸೇರಿಸುವ ಪ್ಯಾಕೇಜ್) ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇತ್ತು, ಸರ್ವರ್‌ನಲ್ಲಿ ಇರಲಿಲ್ಲ. ‘ಈ ಸೆಟ್ಟಿಂಗ್ ನನಗೆ ಗೊತ್ತಿಲ್ಲ’ ಎಂದು ಪೈಟೆಸ್ಟ್ ಎಚ್ಚರಿಕೆ ಕೊಡುವುದು ನಿಜ. ಆದರೆ ಅದು ಬರುವುದು ಎಲ್ಲ ಟೆಸ್ಟ್ ಮುಗಿದ ಮೇಲೆ, ಕೊನೆಯ ಸಾರಾಂಶದಲ್ಲಿ. ಇಲ್ಲಿ ಟೆಸ್ಟ್ ಮುಗಿಯಲೇ ಇಲ್ಲವಲ್ಲ, ಎಚ್ಚರಿಕೆ ಎಲ್ಲಿಂದ ಬರಬೇಕು?

ಆ ದಿನದಿಂದ ಎಕ್ಸ್‌ಟೆನ್ಷನ್ ಹಾಕುವ ಕೆಲಸವನ್ನು ನಾನು ಎರಡು ಭಾಗವಾಗಿ ನೋಡುತ್ತೇನೆ. ಇನ್‌ಸ್ಟಾಲ್ ಮಾಡುವುದು ಒಂದು, ಹೊಂದಿಸುವುದು ಇನ್ನೊಂದು. ಎರಡೂ ಪ್ರಾಜೆಕ್ಟ್‌ನ ಫೈಲ್‌ಗಳಲ್ಲೇ ಇರಬೇಕು. ಯಾವುದಾದರೂ ಒಂದು ತಪ್ಪಿದರೆ ಪೈಟೆಸ್ಟ್ ಅಲ್ಲೇ ನಿಂತು ಹೇಳಬೇಕು.

ಪೈಥಾನ್ ಕೋಡ್ ಪರೀಕ್ಷಿಸುವವರಲ್ಲಿ ತುಂಬಾ ಜನ ಬಳಸುವ ಟೂಲ್ ಪೈಟೆಸ್ಟ್. ಇದರಲ್ಲಿ ಎಕ್ಸ್‌ಟೆನ್ಷನ್‌ಗೆ ಪ್ಲಗಿನ್ ಅನ್ನುತ್ತಾರೆ. ಪೈಟೆಸ್ಟ್ ಜೊತೆಗೇ ಬರುವ ಎಷ್ಟೋ ಸೌಲಭ್ಯಗಳು ಕೂಡ ಒಳಗೆ ಪ್ಲಗಿನ್‌ಗಳೇ. ಇಲ್ಲಿ ಆದೇಶಗಳನ್ನೆಲ್ಲ ಕನ್ನಡದಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಹೆಜ್ಜೆ 1: ಈಗ ಏನಿದೆ ನೋಡಿ

ಹೊಸದನ್ನು ಹಾಕುವ ಮೊದಲು ಒಮ್ಮೆ ಸುಮ್ನೆ ‘ಪೈಟೆಸ್ಟ್’ ಓಡಿಸಿ, ಮೇಲಿನ ನಾಲ್ಕೈದು ಸಾಲು ಓದಿ. ಹೆಚ್ಚಿನವರು ಇವನ್ನು ದಾಟಿ ಕೆಳಗಿನ ಹಸಿರು (ಪಾಸ್), ಕೆಂಪು (ಫೇಲ್) ನೋಡಲು ಓಡುತ್ತಾರೆ. ‘ಕಾನ್ಫಿಗ್‌ಫೈಲ್’ ಎಂಬ ಸಾಲಿನಲ್ಲಿ ಯಾವ ಸೆಟ್ಟಿಂಗ್ಸ್ ಫೈಲ್ ಓದಿದೆ ಅಂತ ಇರುತ್ತದೆ. ‘ಪ್ಲಗಿನ್ಸ್’ ಎಂಬ ಸಾಲಿನಲ್ಲಿ ಹೊರಗಿನಿಂದ ಬಂದ ಪ್ಲಗಿನ್‌ಗಳ ಹೆಸರು, ಆವೃತ್ತಿ ಇರುತ್ತವೆ. ಹೊರಗಿನದು ಒಂದೂ ಇಲ್ಲದಿದ್ದರೆ ಆ ಸಾಲೇ ಬರುವುದಿಲ್ಲ.

ಹೆಜ್ಜೆ 2: ಒಂದೇ ಒಂದು ಪ್ಲಗಿನ್ ಹಾಕಿ

‘ಪಿಪ್ ಇನ್‌ಸ್ಟಾಲ್ ಪೈಟೆಸ್ಟ್-ಟೈಮ್‌ಔಟ್’ ಎಂದು ಕೊಡಿ. ಪಿಪ್ ಎಂದರೆ ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಟೂಲ್; ಗಡುವು ಮೀರಿದ ಟೆಸ್ಟನ್ನು ನಿಲ್ಲಿಸುವುದು ಈ ಪ್ಲಗಿನ್‌ನ ಕೆಲಸ. ಇನ್‌ಸ್ಟಾಲ್ ಆದರೆ ಸಾಕು, ಪೈಟೆಸ್ಟ್ ಅದನ್ನು ತಾನೇ ಹುಡುಕಿಕೊಳ್ಳುತ್ತದೆ. ಕೋಡ್‌ನಲ್ಲಿ ಎಲ್ಲೂ ಇಂಪೋರ್ಟ್ ಮಾಡಬೇಕಿಲ್ಲ. ಕೂಡಲೇ ಅದರ ಹೆಸರು, ಆವೃತ್ತಿಯನ್ನು ಪ್ರಾಜೆಕ್ಟ್‌ಗೆ ಬೇಕಾದ ಪ್ಯಾಕೇಜ್‌ಗಳ ಪಟ್ಟಿ ಇರುವ ರಿಕ್ವೈರ್‌ಮೆಂಟ್ಸ್ ಫೈಲ್‌ಗೂ ಸೇರಿಸಿ. ನಾನು ಮರೆತದ್ದು ಇದನ್ನೇ.

ಮೂರ್ನಾಲ್ಕು ಪ್ಲಗಿನ್ ಒಟ್ಟಿಗೆ ಹಾಕುವ ಆಸೆ ಆಗುತ್ತದೆ. ಬೇಡ. ನಾಳೆ ಒಂದು ಟೆಸ್ಟ್ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದರಲ್ಲೇ ದಿನ ಹೋಗುತ್ತದೆ.

ಹೆಜ್ಜೆ 3: ಸೆಟ್ಟಿಂಗ್ಸ್ ಫೈಲ್ ಬರೆಯಿರಿ

ಪ್ರಾಜೆಕ್ಟ್‌ನ ಮೇಲಿನ ಫೋಲ್ಡರ್‌ನಲ್ಲಿ ‘ಪೈಟೆಸ್ಟ್.ಐಎನ್‌ಐ’ ಎಂಬ ಫೈಲ್ ತೆರೆದು ನಾಲ್ಕು ಸಾಲು ಬರೆಯಿರಿ:

[ಪೈಟೆಸ್ಟ್]
ಟೈಮ್‌ಔಟ್ = 60
ರಿಕ್ವೈರ್ಡ್_ಪ್ಲಗಿನ್ಸ್ = ಪೈಟೆಸ್ಟ್-ಟೈಮ್‌ಔಟ್
ಆಡ್‌ಆಪ್ಟ್ಸ್ = --ಸ್ಟ್ರಿಕ್ಟ್-ಕಾನ್ಫಿಗ್

ಎರಡನೇ ಸಾಲು ಪ್ರತಿ ಟೆಸ್ಟ್‌ಗೆ ಸೆಕೆಂಡ್ ಲೆಕ್ಕದಲ್ಲಿ ಗಡುವು. ಮೂರನೇ ಸಾಲು ಇನ್ನೂ ಮುಖ್ಯ. ಆ ಪ್ಲಗಿನ್ ಇಲ್ಲದ ಕಂಪ್ಯೂಟರ್‌ನಲ್ಲಿ ಪೈಟೆಸ್ಟ್ ಒಂದೇ ಒಂದು ಟೆಸ್ಟನ್ನೂ ಓಡಿಸದೆ, ಇಂಥ ಪ್ಲಗಿನ್ ಬೇಕಿತ್ತು ಎಂದು ಹೆಸರು ಹೇಳಿ ನಿಲ್ಲುತ್ತದೆ. ನಾಲ್ಕನೇ ಸಾಲು ಕಾಗುಣಿತದ ಕಾವಲು. ‘ಟೈಮ್‌ಔಟ್’ ಬರೆಯುವಾಗ ಒಂದು ಅಕ್ಷರ ಬಿಟ್ಟುಹೋದರೂ ಬರೀ ಎಚ್ಚರಿಕೆ ಕೊಟ್ಟು ಸುಮ್ಮನಾಗುವುದಿಲ್ಲ, ದೋಷ ಅಂತಲೇ ತೋರಿಸುತ್ತದೆ. ಈ ಎರಡು ಸಾಲು ಇದ್ದಿದ್ದರೆ ನನ್ನ ಆ ರಾತ್ರಿ ಉಳಿಯುತ್ತಿತ್ತು.

ಆಡ್‌ಆಪ್ಟ್ಸ್ ಅಂದರೆ ನೀವು ಪ್ರತಿ ಸಲ ಕೈಯಾರೆ ಟೈಪ್ ಮಾಡುವ ಆಯ್ಕೆಗಳನ್ನು ಬರೆದಿಡುವ ಜಾಗ. ಇಲ್ಲಿ ಬರೆದದ್ದು ತಂಡದ ಎಲ್ಲರಿಗೂ ಅನ್ವಯವಾಗುತ್ತದೆ.

2020ರಲ್ಲಿ ಬಂದ ಪೈಟೆಸ್ಟ್ 6.0 ಆವೃತ್ತಿಯಿಂದ ಇದನ್ನೆಲ್ಲ ಪ್ರಾಜೆಕ್ಟ್‌ನ ಸಾಮಾನ್ಯ ಸೆಟ್ಟಿಂಗ್ಸ್ ಇಡುವ ‘ಪೈಪ್ರಾಜೆಕ್ಟ್.ಟಾಮ್ಲ್’ ಫೈಲ್‌ನಲ್ಲೂ ಬರೆಯಬಹುದು. ಆದರೆ ಎರಡೂ ಕಡೆ ಬರೆಯಬೇಡಿ. ಪೈಟೆಸ್ಟ್ ಎರಡು ಫೈಲ್‌ಗಳನ್ನು ಕೂಡಿಸಿ ಓದುವುದಿಲ್ಲ. ‘ಪೈಟೆಸ್ಟ್.ಐಎನ್‌ಐ’ ಖಾಲಿ ಇದ್ದರೂ ಸರಿ, ಅದು ಇದ್ದರೆ ‘ಪೈಪ್ರಾಜೆಕ್ಟ್.ಟಾಮ್ಲ್’ನಲ್ಲಿ ಬರೆದದ್ದು ಲೆಕ್ಕಕ್ಕೇ ಬರುವುದಿಲ್ಲ.

ಹೆಜ್ಜೆ 4: ಬೇಕೆಂದೇ ಕೆಡಿಸಿ ನೋಡಿ

ಇದನ್ನು ದಯವಿಟ್ಟು ಬಿಡಬೇಡಿ. 90 ಸೆಕೆಂಡ್ ಸುಮ್ಮನೆ ಮಲಗುವ ಒಂದು ಟೆಸ್ಟ್ ಬರೆದು ಓಡಿಸಿ. 60ಕ್ಕೆ ಅದು ಬಿದ್ದರೆ, ಅಂದರೆ ಫೇಲ್ ಆದರೆ, ಪ್ಲಗಿನ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಲಿನಕ್ಸ್, ಮ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಆ ಒಂದು ಟೆಸ್ಟ್ ಬಿದ್ದು ಮುಂದಿನದು ಶುರುವಾಗುತ್ತದೆ. ವಿಂಡೋಸ್‌ನಲ್ಲಿ ಗಡುವು ಮೀರಿದರೆ ಇಡೀ ಓಟವೇ ನಿಂತುಹೋಗುತ್ತದೆ. ನೋಡಿ ಗಾಬರಿಯಾಗಬೇಡಿ, ಅಲ್ಲಿ ಅದು ಬಳಸುವ ವಿಧಾನವೇ ಬೇರೆ. ನಿಜವಾಗಿಯೂ ನಿಧಾನವಾದ ಟೆಸ್ಟ್ ಇದ್ದರೆ ಎಲ್ಲರ ಗಡುವನ್ನೂ ಏರಿಸಬೇಡಿ. ಆ ಟೆಸ್ಟ್‌ನ ತಲೆಯ ಮೇಲೆ ಮಾತ್ರ ‘@ಪೈಟೆಸ್ಟ್.ಮಾರ್ಕ್.ಟೈಮ್‌ಔಟ್(300)’ ಎಂದು ಬರೆಯಿರಿ.

ಹೆಜ್ಜೆ 5: ಮುಂದಿನ ಪ್ಲಗಿನ್‌ಗಳು

‘ಪೈಟೆಸ್ಟ್-ಕವ್’ ಹಾಕುವುದು ಸುಲಭ. ‘--ಕವ್’ ಜೊತೆ ಫೋಲ್ಡರ್ ಹೆಸರು ಕೊಟ್ಟರೆ ಕೋಡ್‌ನ ಎಷ್ಟು ಭಾಗವನ್ನು ಟೆಸ್ಟ್ ಮುಟ್ಟಿದೆ ಅಂತ ತೋರಿಸುತ್ತದೆ.

‘ಪೈಟೆಸ್ಟ್-ಎಕ್ಸ್‌ಡಿಸ್ಟ್’ ಹಾಗಲ್ಲ, ಅದಕ್ಕೆ ತಯಾರಿ ಬೇಕು. ‘-ಎನ್ ಆಟೋ’ ಎಂದರೆ ನಿಮ್ಮ ಪ್ರೊಸೆಸರ್‌ನ ಕೋರ್‌ಗಳಿಗೆ ತಕ್ಕಷ್ಟು ಕೆಲಸಗಾರ ಪ್ರಕ್ರಿಯೆಗಳನ್ನು ಎಬ್ಬಿಸಿ ಟೆಸ್ಟ್‌ಗಳನ್ನು ಹಂಚುತ್ತದೆ. ವೇಗವೇನೋ ಬರುತ್ತದೆ. ಆದರೆ ಇಡೀ ಓಟಕ್ಕೆ ಒಂದೇ ಸಲ ನಡೆಯಲಿ ಅಂತ ನೀವು ಬರೆದ ಸೆಷನ್ ಫಿಕ್ಸ್‌ಚರ್ (ಟೆಸ್ಟ್‌ಗಳಿಗೆ ಬೇಕಾದದ್ದನ್ನು ಸಿದ್ಧ ಮಾಡುವ ಫಂಕ್ಷನ್) ಈಗ ಪ್ರತಿ ಕೆಲಸಗಾರನಿಗೂ ಒಂದೊಂದು ಸಲ ನಡೆಯುತ್ತದೆ. ನಾಲ್ವರಿದ್ದರೆ ನಾಲ್ಕು ಸಲ. ನಾಲ್ವರೂ ಒಂದೇ ಡೇಟಾಬೇಸ್‌ಗೆ ಕೈ ಹಾಕಿದರೆ ಒಬ್ಬ ಬರೆದದ್ದನ್ನು ಇನ್ನೊಬ್ಬ ಅಳಿಸುತ್ತಾನೆ. ‘ವರ್ಕರ್_ಐಡಿ’ ಎಂಬ ಫಿಕ್ಸ್‌ಚರ್ ಇದೆ, ಅದು ಕೊಡುವ ಹೆಸರನ್ನು ಡೇಟಾಬೇಸ್ ಹೆಸರಿಗೆ ಅಂಟಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಡೇಟಾಬೇಸ್ ಕೊಡಿ. ದೋಷ ಹುಡುಕುವಾಗ ‘-ಎನ್ 0’ ಕೊಟ್ಟು ಮತ್ತೆ ಒಂದೇ ಸಾಲಿನಲ್ಲಿ ಓಡಿಸಿ.

‘ಪೈಟೆಸ್ಟ್-ರ್ಯಾಂಡಮ್ಲಿ’ ನನಗೆ ತುಂಬಾ ಇಷ್ಟ. ಟೆಸ್ಟ್‌ಗಳ ಕ್ರಮವನ್ನು ಪ್ರತಿ ಸಲ ಕಲಸುತ್ತದೆ. ಒಂದು ಟೆಸ್ಟ್ ಹೊಸ ಬಳಕೆದಾರನನ್ನು ಸೇರಿಸಿ ಅಳಿಸದೆ ಬಿಟ್ಟಿದೆ ಅಂದುಕೊಳ್ಳಿ. ಇನ್ನೊಂದು ಟೆಸ್ಟ್ ‘ಬಳಕೆದಾರರೇ ಇರಬಾರದು’ ಅಂತ ನೋಡುತ್ತದೆ. ಎರಡನೆಯದು ಮೊದಲು ಓಡಿದಷ್ಟು ದಿನ ಎಲ್ಲ ಹಸಿರು. ಕ್ರಮ ತಿರುಗಿದ ದಿನ ಕೆಂಪು. ಆ ಕೆಂಪು ಬಂದಾಗ ಮೇಲ್ಗಡೆ ‘--ರ್ಯಾಂಡಮ್ಲಿ-ಸೀಡ್’ ಮುಂದೆ ಒಂದು ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಅದೇ ಸಂಖ್ಯೆ ಕೊಟ್ಟು ಓಡಿಸಿದರೆ ಅದೇ ಕ್ರಮ ಮತ್ತೆ ಬರುತ್ತದೆ.

‘ಪೈಟೆಸ್ಟ್-ರೀರನ್‌ಫೇಲ್ಯೂರ್ಸ್’ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಕಟು. ಬಿದ್ದ ಟೆಸ್ಟನ್ನು ಅದು ಮತ್ತೆ ಓಡಿಸುತ್ತದೆ. ಆಡ್‌ಆಪ್ಟ್ಸ್‌ನಲ್ಲಿ ‘--ರೀರನ್ಸ್ 3’ ಅಂತ ಬರೆದರೆ ಆಗೊಮ್ಮೆ ಈಗೊಮ್ಮೆ ಮಾತ್ರ ಕಾಣುವ ದೋಷ ತಿಂಗಳುಗಟ್ಟಲೆ ಅಡಗಿ ಕೂರಬಹುದು. ಹೊರಗಿನ ಸೇವೆಯನ್ನು ನಂಬಿದ ಒಂದೆರಡು ಟೆಸ್ಟ್‌ಗೆ ಮಾತ್ರ ‘ಫ್ಲೇಕಿ’ (ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್) ಗುರುತು ಹಾಕಿ, ಎಷ್ಟು ಸಲ ಅಂತ ಅಲ್ಲೇ ಬರೆಯಿರಿ. ಎಲ್ಲಕ್ಕೂ ಹಚ್ಚಬೇಡಿ.

ಹೆಜ್ಜೆ 6: ಬೇಡವಾದಾಗ ತೆಗೆಯುವುದು

ಯಾವುದೋ ಪ್ಲಗಿನ್ ಮೇಲೆ ಅನುಮಾನ ಬಂದರೆ ಅಳಿಸಲು ಹೋಗಬೇಡಿ. ‘ಪೈಟೆಸ್ಟ್ -ಪಿ ನೋ:ರ್ಯಾಂಡಮ್ಲಿ’ ಎಂದರೆ ಆ ಒಂದು ಓಟಕ್ಕೆ ಅದು ಹೊರಗೆ. ಪೂರ್ತಿ ತೆಗೆಯುವುದಾದರೆ ಮೂರು ಜಾಗದಿಂದ ತೆಗೆಯಿರಿ: ರಿಕ್ವೈರ್‌ಮೆಂಟ್ಸ್ ಫೈಲ್, ಸೆಟ್ಟಿಂಗ್ಸ್ ಫೈಲ್, ಕೊನೆಗೆ ‘ಪಿಪ್ ಅನ್‌ಇನ್‌ಸ್ಟಾಲ್’. ಆಡ್‌ಆಪ್ಟ್ಸ್‌ನಲ್ಲಿ ಅದರ ಆಯ್ಕೆ ಉಳಿದುಬಿಟ್ಟರೆ ‘ಈ ಆಯ್ಕೆ ಗೊತ್ತಿಲ್ಲ’ ಅಂತ ಪೈಟೆಸ್ಟ್ ಶುರುವಿನಲ್ಲೇ ನಿಲ್ಲುತ್ತದೆ. ತೆಗೆದ ಮೇಲೆ ಇನ್ನೊಮ್ಮೆ ಓಡಿಸಿ, ಮೇಲಿನ ‘ಪ್ಲಗಿನ್ಸ್’ ಸಾಲಿನಲ್ಲಿ ಆ ಹೆಸರು ಹೋಗಿದೆಯೇ ನೋಡಿ. ಸರ್ವರ್‌ನಲ್ಲೂ ನೋಡಿ.