ಟೆಲಿಕಿನೆಸಿಸ್ ಇದ್ದವರೇ ಗೆಲ್ಲುತ್ತಾರಾ? ನಾನು ವಾದ ಮಾಡುವ ರೀತಿ

ಬೇರೆ ಬೇರೆ ಕಥೆಗಳ ಇಬ್ಬರನ್ನು ಎದುರುಬದುರು ನಿಲ್ಲಿಸಿ ಯಾರು ಗೆಲ್ಲುತ್ತಾರೆ ಅಂತ ವಾದ ಮಾಡುವುದು ನನಗೆ ತುಂಬಾ ಇಷ್ಟ. ಆದರೆ ಒಬ್ಬರಿಗೆ ಟೆಲಿಕಿನೆಸಿಸ್ (ಮುಟ್ಟದೆ, ಮನಸ್ಸಿನಿಂದಲೇ ವಸ್ತುಗಳನ್ನು ಅಲುಗಾಡಿಸುವ ಶಕ್ತಿ) ಇದ್ದರೆ ಮಾತು ಬೇಗ ಒಂದೇ ಕಡೆ ಬಂದು ನಿಲ್ಲುತ್ತದೆ. "ಎದುರಾಳಿಯ ಹೃದಯ ಹಿಸುಕಿದರೆ ಮುಗೀತು, ಅಲ್ವಾ?"

ಆಗ ನಾನು ಕೇಳುವುದು ಇಷ್ಟೇ: ಆ ಪಾತ್ರ ಕಥೆಯಲ್ಲಿ ಯಾವತ್ತಾದರೂ ಹಾಗೆ ಮಾಡಿದೆಯಾ? 'ಸ್ಟ್ರೇಂಜರ್ ಥಿಂಗ್ಸ್'ನ ಇಲೆವೆನ್ ಮೊದಲ ಸೀಸನ್‌ನಲ್ಲೇ ತನ್ನನ್ನು ಹಿಡಿಯಲು ಬಂದ ಏಜೆಂಟರನ್ನು ಮುಟ್ಟದೆ ಕೊಲ್ಲುತ್ತಾಳೆ, ಅವರ ಕಣ್ಣಿಂದ ರಕ್ತ ಸುರಿಯುತ್ತದೆ. ಅವಳ ಪರವಾಗಿ ಈ ವಾದ ಗಟ್ಟಿಯಾಗಿ ನಿಲ್ಲುತ್ತದೆ. 'ಸ್ಟಾರ್ ವಾರ್ಸ್'ನ ಡಾರ್ತ್ ವೇಡರ್ 1980ರ ಸಿನಿಮಾದಲ್ಲಿ ಅಡ್ಮಿರಲ್ ಒಬ್ಬನನ್ನು ಪರದೆಯ ಮೇಲೆ ನೋಡುತ್ತಲೇ ಉಸಿರುಗಟ್ಟಿಸಿ ಸಾಯಿಸುತ್ತಾನೆ. ಅಂದರೆ ಎದುರಾಳಿ ಅವನ ಎದುರಿಗೇ ಇರಬೇಕಾಗಿಲ್ಲ. ಅದೇ ಸಿನಿಮಾದಲ್ಲಿ ಯೋಡಾ ಕೆಸರಿನಿಂದ ಇಡೀ ಯುದ್ಧವಿಮಾನ ಎತ್ತುತ್ತಾನೆ. ಆದರೆ ನಿಧಾನವಾಗಿ, ಕಣ್ಣು ಮುಚ್ಚಿಕೊಂಡು. ವಿಮಾನ ತಪ್ಪಿಸಿಕೊಳ್ಳಲು ಒದ್ದಾಡುವುದಿಲ್ಲ. ಜೀವ ಇರುವವನು ಒದ್ದಾಡುತ್ತಾನೆ. ಹಾಗಾಗಿ ಆ ದೃಶ್ಯವನ್ನು ಬಲಕ್ಕೆ ಸಾಕ್ಷಿ ಅಂತ ಒಪ್ಪುತ್ತೇನೆ, ವೇಗಕ್ಕೆ ಒಪ್ಪುವುದಿಲ್ಲ.

ನಾನು ಜಾಸ್ತಿ ಹೊತ್ತು ಕೂರುವುದು ಎತ್ತುವ ಲೆಕ್ಕದ ಮೇಲೆ. "ನಮ್ಮವನು 10 ಟನ್ ಎತ್ತುತ್ತಾನೆ, ಅವನನ್ನು ಹಿಡಿಯೋಕೆ ಅಷ್ಟೇ ಬಲ ಬೇಕು" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಕೈಕಾಲು ಕಟ್ಟಿಹಾಕಿದ ಹಾಗೆ ಅಲುಗಾಡದಂತೆ ಹಿಡಿಯಬೇಕಾದರೆ ಹೌದು. ಬರೀ ಗಾಳಿಗೆ ಎತ್ತಬೇಕಾದರೆ ಖಂಡಿತ ಅಲ್ಲ. 100 ಕಿಲೋ ತೂಗುವವನನ್ನು ನೆಲದಿಂದ ಬಿಡಿಸಲು ಸುಮಾರು 980 ನ್ಯೂಟನ್‌ಗಿಂತ ಸ್ವಲ್ಪ ಹೆಚ್ಚು ಬಲ ಸಾಕು. ಅವನ ತೋಳಿನಲ್ಲಿ ಎಷ್ಟೇ ಶಕ್ತಿ ಇರಲಿ, ಒತ್ತಿ ನಿಲ್ಲಲು ನೆಲವೇ ಇಲ್ಲದಿದ್ದರೆ ಆ ಶಕ್ತಿ ಎಲ್ಲಿ ಹಾಕುತ್ತಾನೆ? ಇದನ್ನು ಮುಂದಿಟ್ಟಾಗ ವಾದದ ದಿಕ್ಕೇ ಬದಲಾಗುತ್ತದೆ. ಸೂಪರ್‌ಮ್ಯಾನ್ ಹಾರಬಲ್ಲ, ಅವನಿಗೆ ನೆಲ ಬೇಡ. ಸ್ಪೈಡರ್‌ಮ್ಯಾನ್ ಗೋಡೆಗೆ ಬಲೆ ಎಸೆದು ತನ್ನನ್ನು ಎಳೆದುಕೊಳ್ಳಬಹುದು. ಇಂಥ ದಾರಿ ಯಾವುದೂ ಇಲ್ಲದ ಬಲಶಾಲಿ ನನ್ನ ಲೆಕ್ಕದಲ್ಲಿ ಸೋತ ಹಾಗೇ.

'ಎಕ್ಸ್-ಮೆನ್' ಕಥೆಗಳ ಮ್ಯಾಗ್ನೆಟೋನನ್ನು ಈ ಗುಂಪಿಗೆ ಸೇರಿಸಬೇಡಿ ಅಂತ ಪ್ರತಿ ಸಲ ಹೇಳುತ್ತೇನೆ. ಅವನದು ಕಾಂತಶಕ್ತಿ. ಅವನ ಸಾಹಸಗಳನ್ನು ತಂದು ಅದೇ ಕಥೆಗಳಲ್ಲಿ ಟೆಲಿಕಿನೆಸಿಸ್ ಇರುವ ಜೀನ್ ಗ್ರೇ ಬಗ್ಗೆ ಏನನ್ನೂ ಸಾಬೀತು ಮಾಡೋಕಾಗಲ್ಲ.

ಇನ್ನು ವೇಗ. ಕಣ್ಣಿಗೆ ಕಂಡದ್ದಕ್ಕೆ ಸಾಮಾನ್ಯ ಮನುಷ್ಯ ಪ್ರತಿಕ್ರಿಯಿಸಲು ಸುಮಾರು ಕಾಲು ಸೆಕೆಂಡ್ ಬೇಕು. ಟೆಲಿಕಿನೆಸಿಸ್ ಇದೆ ಅಂದ ಮಾತ್ರಕ್ಕೆ ಆ ಸಮಯ ಕಡಿಮೆ ಆಗುವುದಿಲ್ಲ, ಕಥೆಯೇ ಹಾಗೆ ತೋರಿಸಿದ್ದರೆ ಬೇರೆ ಮಾತು. ಮಿಂಚಿನ ವೇಗದಲ್ಲಿ ಓಡುವ ಫ್ಲ್ಯಾಶ್‌ನಂಥವನಿಗೆ ಕಾಲು ಸೆಕೆಂಡ್ ಧಾರಾಳ. ಅದಕ್ಕೇ ಶುರುವಿನಲ್ಲೇ ಎರಡು ವಿಷಯ ಗಟ್ಟಿ ಮಾಡಿಕೊಳ್ಳುತ್ತೇನೆ: ಇಬ್ಬರ ನಡುವೆ ದೂರ ಎಷ್ಟು, ಎದುರಾಳಿಗೆ ಏನು ಶಕ್ತಿ ಇದೆ ಅಂತ ಇಬ್ಬರಿಗೂ ಮೊದಲೇ ಗೊತ್ತಾ. ಇಲೆವೆನ್‌ಗೆ ಮೊದಲೇ ಗೊತ್ತಿದ್ದು, ಫ್ಲ್ಯಾಶ್ ಅವಳನ್ನು ಸಾಮಾನ್ಯ ಹುಡುಗಿ ಅಂದುಕೊಂಡು ಮಾತಾಡಿಸಲು ನಿಂತರೆ, ನನ್ನ ಮತ ಅವಳಿಗೇ.